ಗಣಿತ ಕೈಕೊಟ್ಟವರಿಗೆ ಜಿಆರ್‌ಇ ಒಳ್ಳೆಯದೋ ಜಿಮ್ಯಾಟೋ? ಕೋಲಾರದ ಒಂದು ಪ್ರಕರಣ

ಜಿಆರ್‌ಇ, ಜಿಮ್ಯಾಟ್ ಎರಡೂ ಹೊರದೇಶದ ಸ್ನಾತಕೋತ್ತರ ಕೋರ್ಸುಗಳ ಪ್ರವೇಶಕ್ಕೆ ಬರೆಯುವ ಪರೀಕ್ಷೆಗಳು. ಕೋಲಾರ, ಮಾಲೂರು, ಬಂಗಾರಪೇಟೆ ಕಡೆಯ ಹಲವು ಅಭ್ಯರ್ಥಿಗಳಲ್ಲಿ ಬೇರೆ ಬೇರೆಯಾಗಿ ಕಾಣುವ ತೊಡಕುಗಳನ್ನು ಒಬ್ಬರಲ್ಲೇ ಕೂಡಿಸಿ ಕಟ್ಟಿದ ಮಾದರಿ ಪ್ರಕರಣ ಇದು. ಅಭ್ಯರ್ಥಿಯ ಅಂಕಗಳು ಈ ಮಾದರಿಗೆ ಸೇರಿದವು. ಪರೀಕ್ಷೆಗಳ ನಿಯಮ, ಸಮಯ, ಪ್ರಶ್ನೆಗಳ ಸಂಖ್ಯೆ ಮಾತ್ರ ಇದ್ದದ್ದು ಇದ್ದಂತೆ.

ಅಭ್ಯರ್ಥಿ 25 ವರ್ಷದ ಮಹಿಳೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಕಾಮರ್ಸ್, ಅದರಲ್ಲೂ ಗಣಿತ ಬೇಡವೆಂದೇ ಆರಿಸಿಕೊಂಡ ಎಚ್‌ಇಬಿಎ ಕಾಂಬಿನೇಷನ್. ಆಮೇಲೆ ಮೂರು ವರ್ಷದ ಬಿ.ಕಾಂ. ಈಗ ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಸ್ಟೋರ್ಸ್ ಮತ್ತು ಪ್ಲಾನಿಂಗ್ ವಿಭಾಗದಲ್ಲಿ ಕೆಲಸ. ಎಕ್ಸೆಲ್ ಶೀಟಿನಲ್ಲಿ ಸಾವಿರಾರು ಬಿಡಿಭಾಗಗಳ ದಾಸ್ತಾನು ನೋಡಿಕೊಳ್ಳುತ್ತಾರೆ. ಆದರೆ 0.35ನ್ನು ಭಿನ್ನರಾಶಿಯಾಗಿ ಬರೆಯಿರಿ ಎಂದರೆ ಪೆನ್ನು ನಿಲ್ಲುತ್ತದೆ. ಸಪ್ಲೈ ಚೈನ್ ವಿಷಯದಲ್ಲಿ ಹೊರದೇಶದಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂಬುದು ಗುರಿ.

ಪರೀಕ್ಷೆ ಯಾವುದೆಂದು ಯೋಚಿಸುವ ಮೊದಲೇ ಕೋರ್ಸುಗಳ ಪಟ್ಟಿ ಸೋಸಬೇಕಾಯಿತು. ಮೊದಲ ಪಟ್ಟಿಯಲ್ಲಿ ಹನ್ನೊಂದು ಕೋರ್ಸು ಇದ್ದವು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು 16 ವರ್ಷದ ಓದು ಕೇಳುತ್ತವೆ. ನಮ್ಮ ಹತ್ತು, ಎರಡು, ಮೂರು ಕೂಡಿದರೆ 15 ಆಗುತ್ತದೆ. ಮೂರು ವರ್ಷದ ಪದವಿಯನ್ನು ಒಪ್ಪುವವರೂ ಇದ್ದಾರೆ, ಕೆಲವರು ಷರತ್ತಿನ ಮೇಲೆ ಒಪ್ಪುತ್ತಾರೆ. ಇದನ್ನು ಕೋರ್ಸಿನ ಪ್ರವೇಶ ಪುಟದಲ್ಲೇ ನೋಡಬೇಕು, ಏಜೆಂಟರ ಬಾಯಿಮಾತು ನಂಬಬಾರದು. ಈ ಒಂದು ಜರಡಿಯಲ್ಲೇ ನಾಲ್ಕು ಕೋರ್ಸು ಉದುರಿದವು. ಉಳಿದ ಏಳರಲ್ಲಿ ಐದು ಎಂಎಸ್, ಎರಡು ಎಂಬಿಎ. ಏಳೂ ಜಿಆರ್‌ಇ ಅಥವಾ ಜಿಮ್ಯಾಟ್ ಎರಡರಲ್ಲಿ ಯಾವುದನ್ನಾದರೂ ಒಪ್ಪುತ್ತವೆ. ಒಂದನ್ನೇ ಕೇಳುವ ಕೋರ್ಸು ಪಟ್ಟಿಯಲ್ಲಿದ್ದಿದ್ದರೆ ಮುಂದಿನ ಚರ್ಚೆಯೇ ಬೇಕಿರಲಿಲ್ಲ.

ಮನೆಯಲ್ಲಿ ಎದ್ದ ಪ್ರಶ್ನೆ ಬೇರೆಯದು. ಎರಡರಲ್ಲಿ ಯಾವ ಪರೀಕ್ಷೆಯ ಶುಲ್ಕವೂ 20 ಸಾವಿರ ರೂಪಾಯಿ ದಾಟುತ್ತದೆ. "ಏನಮ್ಮ, ಫೇಲಾದ್ರೆ ದುಡ್ಡು ವಾಪಸ್ ಬತ್ತದಾ?" ಎಂದು ತಂದೆ ಕೇಳಿದರು. ಈ ಪರೀಕ್ಷೆಗಳಲ್ಲಿ ಪಾಸು, ಫೇಲು ಇಲ್ಲ. ಬರುವುದು ಒಂದು ಅಂಕ, ಅದು ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಆದರೂ ಅವರ ಪ್ರಶ್ನೆಯಲ್ಲಿ ಹುರುಳಿತ್ತು: ಹೊಂದದ ಪರೀಕ್ಷೆಗೆ ಕಟ್ಟಿದ ಹಣ ಹೋದ ಹಾಗೇ.

ತಪ್ಪುಗಳ ಲೆಕ್ಕ ತೆಗೆದ ಬಗೆ

ಕೋಚಿಂಗ್ ಸೆಂಟರುಗಳಲ್ಲಿ, ಗೆಳೆಯರ ನಡುವೆ ಓಡಾಡುವ ಮಾತು ಒಂದೇ: "ಮ್ಯಾಥ್ಸ್ ವೀಕಾ? ಹಂಗಾದ್ರೆ ಜಿಆರ್‌ಇ ಬರಿ." ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ಏನೆಂದು ತಿಳಿಯಬೇಕಾದರೆ 'ಮ್ಯಾಥ್ಸ್ ವೀಕ್' ಎಂಬ ಮಾತನ್ನು ಒಡೆದು ನೋಡಬೇಕು. ಗಣಿತದಲ್ಲಿ ಹಿಂದಿದ್ದೇನೆ ಎನ್ನುವವರಲ್ಲಿ ಕನಿಷ್ಠ ನಾಲ್ಕು ಬಗೆಯವರಿದ್ದಾರೆ: ವಿಷಯವೇ ಗೊತ್ತಿಲ್ಲದವರು, ಗೊತ್ತಿದ್ದೂ ಕೈಲೆಕ್ಕ ನಿಧಾನ ಇರುವವರು, ಸಮಯ ಹಂಚಲು ಬಾರದವರು, ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಯನ್ನು ತಪ್ಪಾಗಿ ಓದುವವರು. ನಾಲ್ಕಕ್ಕೂ ಮದ್ದು ಬೇರೆ, ಹೊಂದುವ ಪರೀಕ್ಷೆಯೂ ಬೇರೆಯಾಗಬಹುದು.

ಜಿಆರ್‌ಇ ನಡೆಸುವ ಇಟಿಎಸ್ ಸಂಸ್ಥೆಯ ಪವರ್‌ಪ್ರೆಪ್ ಅಭ್ಯಾಸ ಪರೀಕ್ಷೆಗಳಲ್ಲಿ ಎರಡು ಉಚಿತ. ಜಿಮ್ಯಾಟ್‌ನ ಅಧಿಕೃತ ಅಭ್ಯಾಸ ಪರೀಕ್ಷೆಗಳಲ್ಲೂ ಎರಡು ಉಚಿತ. ಏನೂ ಓದದೆ, ಬೇರೆ ಬೇರೆ ಭಾನುವಾರ, ಪ್ರತಿಯೊಂದರಲ್ಲಿ ಒಂದೊಂದನ್ನು ಪೂರ್ತಿ ಸಮಯ ಹಿಡಿದು ಬರೆಯುವುದು ಮೊದಲ ಹೆಜ್ಜೆ. ಉಳಿದೊಂದನ್ನು ಕೊನೆಯ ವಾರಗಳಿಗೆ ಕಾದಿಡಬೇಕು. ಎರಡನ್ನೂ ಆರಂಭದಲ್ಲೇ ಖರ್ಚು ಮಾಡಿಕೊಂಡವರಿಗೆ ಆಮೇಲೆ ನಂಬಬಹುದಾದ ಅಳತೆಗೋಲು ಬೇಕೆಂದರೆ ದುಡ್ಡು ಕೊಡಬೇಕಾಗುತ್ತದೆ.

ಅಂಕಕ್ಕಿಂತ ಮುಖ್ಯವಾದದ್ದು ಆಮೇಲಿನ ಕೆಲಸ. ತಪ್ಪಾದ ಪ್ರತಿ ಪ್ರಶ್ನೆಯನ್ನೂ ಮೂರು ಹಂತದಲ್ಲಿ ಪರೀಕ್ಷಿಸಲಾಯಿತು. ಮೊದಲು ಗಡಿಯಾರ ಇಲ್ಲದೆ ಮತ್ತೆ ಮಾಡಿ ನೋಡುವುದು. ಸರಿ ಬಂದರೆ ಅದು ಸಮಯದ ತಪ್ಪು. ಬರದಿದ್ದರೆ ಕ್ಯಾಲ್ಕುಲೇಟರ್ ಕೊಡುವುದು; ಆಗ ಬಂದರೆ ಕೈಲೆಕ್ಕದ ತಪ್ಪು. ಆಗಲೂ ಬರದಿದ್ದರೆ ಅದೇ ಪ್ರಶ್ನೆಯನ್ನು ಬೇರೆಯವರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳುವುದು. ಆಗ ಬಂದರೆ ಓದಿನ ತಪ್ಪು. ಅದೂ ಆಗದೆ ಉಳಿದದ್ದು ಮಾತ್ರ ನಿಜವಾಗಿ ಗಣಿತ ಗೊತ್ತಿಲ್ಲದ ತಪ್ಪು.

ಜಿಆರ್‌ಇಯ 27 ಗಣಿತ ಪ್ರಶ್ನೆಗಳಲ್ಲಿ 15 ತಪ್ಪಿದ್ದವು. ಅದರಲ್ಲಿ ಓದಿನ ತಪ್ಪು 6, ವಿಷಯ ಗೊತ್ತಿಲ್ಲದ್ದು 5, ಸಮಯದ್ದು 3, ಕೈಲೆಕ್ಕದ್ದು 1. ಗೊತ್ತಿಲ್ಲದ ಐದರಲ್ಲಿ ಮೂರು ರೇಖಾಗಣಿತ, ಒಂದು ಮಾನಕ ವಿಚಲನೆ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬ ಅಳತೆ), ಒಂದು ವಿಕಲ್ಪಗಳ (ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬ) ಎಣಿಕೆ. ಜಿಮ್ಯಾಟ್‌ನ 21 ಗಣಿತ ಪ್ರಶ್ನೆಗಳಲ್ಲಿ 13 ತಪ್ಪಿದ್ದವು: ಕೈಲೆಕ್ಕ 4, ಓದು, ವಿಷಯ, ಸಮಯ ತಲಾ 3. ಗಣಿತವನ್ನು ಕಂಡರೆ ಹೆದರುವ ಈ ಅಭ್ಯರ್ಥಿಗೆ ಎರಡೂ ಪರೀಕ್ಷೆ ಸೇರಿ ಆದ 28 ತಪ್ಪಿನಲ್ಲಿ ವಿಷಯವೇ ಗೊತ್ತಿಲ್ಲದ್ದು ಬರೀ 8.

ಓದಿನ ತಪ್ಪು ಎಂದರೇನು ಎಂಬುದಕ್ಕೆ ಉದಾಹರಣೆ ಬೇಕು, ಏಕೆಂದರೆ ಕನ್ನಡ ಮಾಧ್ಯಮದಿಂದ ಬಂದವರ ಅಂಕ ಹೆಚ್ಚಾಗಿ ಇಲ್ಲೇ ಸೋರುತ್ತದೆ, ಯಾರೂ ಇದನ್ನು ಗಣಿತದ ಸಮಸ್ಯೆಯಿಂದ ಬೇರ್ಪಡಿಸಿ ನೋಡುವುದಿಲ್ಲ. '5 ಲೆಸ್ ದ್ಯಾನ್ ಎಕ್ಸ್' ಎಂದು ಇಂಗ್ಲಿಷಿನಲ್ಲಿದ್ದರೆ ಎಡದಿಂದ ಓದುತ್ತಾ 5 − x ಎಂದು ಬರೆದುಬಿಡುತ್ತಾರೆ. ಬೇಕಾದದ್ದು x − 5. 'x ಗಿಂತ 5 ಕಡಿಮೆ' ಎಂದು ಕನ್ನಡದಲ್ಲಿ ಹೇಳಿದರೆ x ಮೊದಲೇ ಬರುವುದರಿಂದ ಆ ತಪ್ಪಿಗೆ ಜಾಗವೇ ಇಲ್ಲ. ಹಾಗೆಯೇ '250ರ ಶೇ 40' ಎಂದರೆ 100, '250ಕ್ಕಿಂತ ಶೇ 40 ಹೆಚ್ಚು' ಎಂದರೆ 350. ಇಂಗ್ಲಿಷಿನಲ್ಲಿ ಎರಡರ ನಡುವೆ ಇರುವುದು 'ಆಫ್', 'ಮೋರ್ ದ್ಯಾನ್' ಎಂಬ ಸಣ್ಣ ಪದಗಳ ವ್ಯತ್ಯಾಸ. 'ಅಟ್ ಲೀಸ್ಟ್', 'ಅಟ್ ಮೋಸ್ಟ್', 'ನಾನ್‌ನೆಗೆಟಿವ್', 'ಮಸ್ಟ್ ಬಿ ಟ್ರೂ', 'ಕುಡ್ ಬಿ ಟ್ರೂ' ಇವೂ ಅದೇ ಗುಂಪಿನವು. 'ನಾನ್‌ನೆಗೆಟಿವ್' ಎಂದರೆ ಸೊನ್ನೆಯೂ ಸೇರುತ್ತದೆ, 'ಪಾಸಿಟಿವ್' ಎಂದರೆ ಸೇರುವುದಿಲ್ಲ. ಎಷ್ಟೋ ಪ್ರಶ್ನೆಗಳಲ್ಲಿ ಉತ್ತರ ತಿರುಗುವುದೇ ಆ ಸೊನ್ನೆಯ ಮೇಲೆ.

ಎರಡು ಪರೀಕ್ಷೆ, ಎರಡು ಬಗೆಯ ದಂಡ

ಎರಡರಲ್ಲೂ ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ ಇಲ್ಲ. ಆದರೆ ಗಣಿತ ಬಾರದಿರುವುದಕ್ಕೆ ವಿಧಿಸುವ ದಂಡದ ರೀತಿ ಬೇರೆ.

2023ರ ಸೆಪ್ಟೆಂಬರಿನಿಂದ ಜಿಆರ್‌ಇ 1 ಗಂಟೆ 58 ನಿಮಿಷಕ್ಕೆ ಇಳಿದಿದೆ. ಗಣಿತ ಎರಡು ಭಾಗ: 12 ಪ್ರಶ್ನೆಗೆ 21 ನಿಮಿಷ, 15 ಪ್ರಶ್ನೆಗೆ 26 ನಿಮಿಷ. ಪರದೆಯ ಮೇಲೆ ಕ್ಯಾಲ್ಕುಲೇಟರ್ ಇರುತ್ತದೆ. ಒಂದು ಭಾಗದ ಒಳಗೆ ಯಾವ ಪ್ರಶ್ನೆಯನ್ನಾದರೂ ಗುರುತು ಹಾಕಿ ಬಿಟ್ಟು, ಮುಂದೆ ಹೋಗಿ, ಮತ್ತೆ ಬರಬಹುದು. ಮೊದಲ ಭಾಗದಲ್ಲಿ ಹೇಗೆ ಮಾಡಿದಿರಿ ಎಂಬುದರ ಮೇಲೆ ಎರಡನೆಯ ಭಾಗದ ಕಷ್ಟ ನಿರ್ಧಾರವಾಗುತ್ತದೆ. ಗಣಿತಕ್ಕೂ ಭಾಷೆಗೂ 130ರಿಂದ 170ರವರೆಗೆ ಬೇರೆ ಬೇರೆ ಅಂಕ. ಪ್ರಬಂಧಕ್ಕೆ 30 ನಿಮಿಷ, ಅದರ ಅಂಕವೂ ಪ್ರತ್ಯೇಕ. ರೇಖಾಗಣಿತ ಇದೆ, ತ್ರಿಕೋನಮಿತಿ, ಕಲನಶಾಸ್ತ್ರ, ಪ್ರಮೇಯದ ಸಾಧನೆ ಇಲ್ಲ.

ಜಿಮ್ಯಾಟ್ 2 ಗಂಟೆ 15 ನಿಮಿಷ. ಗಣಿತ, ಭಾಷೆ, ಡೇಟಾ ಇನ್‌ಸೈಟ್ಸ್ ಎಂಬ ಮೂರು ವಿಭಾಗ, ತಲಾ 45 ನಿಮಿಷ. ಗಣಿತ ವಿಭಾಗದಲ್ಲಿ ಕ್ಯಾಲ್ಕುಲೇಟರ್ ಇಲ್ಲ, ರೇಖಾಗಣಿತವೂ ಇಲ್ಲ. ಅಂಕಗಣಿತ, ಬೀಜಗಣಿತ ಎರಡೇ. ಪ್ರತಿ ಪ್ರಶ್ನೆಗೂ ಉತ್ತರ ಗುರುತಿಸದೆ ಮುಂದಿನದಕ್ಕೆ ಹೋಗಲಾಗದು. ಕೊನೆಯಲ್ಲಿ ಸಮಯ ಉಳಿದರೆ ಹಿಂದೆ ಬಂದು ಒಂದು ವಿಭಾಗದಲ್ಲಿ ಹೆಚ್ಚೆಂದರೆ ಮೂರು ಉತ್ತರ ಬದಲಿಸಬಹುದು. ಮುಗಿಸದೆ ಬಿಟ್ಟ ಪ್ರಶ್ನೆಗಳಿಗೆ ಅಂಕ ಕುಸಿಯುತ್ತದೆ. ಮೂರೂ ವಿಭಾಗಕ್ಕೆ ಸಮ ತೂಕ, ಮೂರೂ ಕೂಡಿ 205ರಿಂದ 805ರವರೆಗೆ ಒಂದೇ ಒಟ್ಟು ಅಂಕ.

ಈ 'ಸಮ ತೂಕ'ದ ಹತ್ತಿರ ಸ್ವಲ್ಪ ನಿಲ್ಲಬೇಕು. ಡೇಟಾ ಇನ್‌ಸೈಟ್ಸ್ ಎಂಬ ಹೆಸರು ಕೇಳಿ 'ಅದು ಗಣಿತವಲ್ಲ, ಟೇಬಲ್ ಓದುವುದು' ಎಂದುಕೊಳ್ಳುವವರು ಬಹಳ. ಟೇಬಲ್, ಗ್ರಾಫ್ ಇವೆ, ಕ್ಯಾಲ್ಕುಲೇಟರೂ ಇದೆ. ಬರೀ ತರ್ಕದ ಪ್ರಶ್ನೆಗಳೂ ಬರುತ್ತವೆ. ಆದರೆ ಅದೇ ವಿಭಾಗದಲ್ಲಿ ಡೇಟಾ ಸಫಿಷಿಯನ್ಸಿ ಇದೆ: ಉತ್ತರ ಕಂಡುಹಿಡಿಯಬೇಡಿ, ಕಂಡುಹಿಡಿಯಲು ಕೊಟ್ಟ ಮಾಹಿತಿ ಸಾಕೇ ಎಂದಷ್ಟೇ ಹೇಳಿ ಎನ್ನುವ ಪ್ರಶ್ನೆಗಳು. ಗಣಿತದ ಒಳಗುಟ್ಟು ತಿಳಿದವರಿಗೆ ಇದು ಸಲೀಸು, ಸೂತ್ರ ಬಾಯಿಪಾಠ ಮಾಡಿದವರಿಗೆ ಕಬ್ಬಿಣದ ಕಡಲೆ. ಹೀಗಾಗಿ ಜಿಮ್ಯಾಟ್‌ನ ಒಟ್ಟು ಅಂಕದ ಮೂರರಲ್ಲಿ ಎರಡು ಪಾಲು ಒಂದಲ್ಲ ಒಂದು ರೀತಿಯಲ್ಲಿ ಸಂಖ್ಯೆಯ ಮೇಲೆ ನಿಂತಿದೆ.

ಈ ಅಭ್ಯರ್ಥಿಯ ಅಭ್ಯಾಸ ಪರೀಕ್ಷೆಯಲ್ಲಿ ಅದು ಎದ್ದು ಕಂಡಿತು. ಜಿಮ್ಯಾಟ್‌ನ ವಿಭಾಗಗಳ ಬಿಡಿ ಅಂಕ ಗಣಿತ 68, ಭಾಷೆ 76, ಡೇಟಾ ಇನ್‌ಸೈಟ್ಸ್ 70. ಟೇಬಲ್ ಓದುವ ಪ್ರಶ್ನೆಗಳೆಲ್ಲ ಸರಿ. ಅದು ದಿನವೂ ಮಾಡುವ ಕೆಲಸ. ಡೇಟಾ ಸಫಿಷಿಯನ್ಸಿಯ ಏಳರಲ್ಲಿ ಆರು ತಪ್ಪು. ಜಿಆರ್‌ಇಯಲ್ಲಿ ಗಣಿತ 146, ಭಾಷೆ 147.

ಜಿಆರ್‌ಇಯಲ್ಲೂ ಅಂಥದ್ದೇ ಒಂದು ಗುಂಪಿದೆ: ಕ್ವಾಂಟಿಟೇಟಿವ್ ಕಂಪ್ಯಾರಿಸನ್. ಎರಡು ಪ್ರಮಾಣ ಕೊಟ್ಟು ಯಾವುದು ದೊಡ್ಡದು ಎಂದು ಕೇಳುತ್ತಾರೆ. ಉತ್ತರಗಳು ಯಾವಾಗಲೂ ಅವೇ ನಾಲ್ಕು: ಮೊದಲನೆಯದು ದೊಡ್ಡದು, ಎರಡನೆಯದು ದೊಡ್ಡದು, ಎರಡೂ ಸಮ, ಹೇಳಲಾಗದು. ಇದಕ್ಕೆ ಕಲಿಸಬಹುದಾದ ಕೈಚಳಕ ಇದೆ, ಗಣಿತ ಕಡಿಮೆಯಿದ್ದವರಿಗೆ ಇದು ವರ. x ಸೊನ್ನೆಗಿಂತ ಹೆಚ್ಚು ಎಂದು ಕೊಟ್ಟು x² ಮತ್ತು x ಹೋಲಿಸಿ ಎಂದರೆ 2 ಹಾಕಿದಾಗ ಮೊದಲನೆಯದು ದೊಡ್ಡದು, 1 ಹಾಕಿದಾಗ ಸಮ, ½ ಹಾಕಿದಾಗ ಎರಡನೆಯದು ದೊಡ್ಡದು. ಹಾಗಾದರೆ ಹೇಳಲಾಗದು, ಮುಗಿಯಿತು. ಷರತ್ತು ಒಪ್ಪಿದರೆ 0, 1, −1, ½, ಒಂದು ದೊಡ್ಡ ಸಂಖ್ಯೆ ಇಷ್ಟನ್ನು ಹಾಕಿ ನೋಡುವ ಅಭ್ಯಾಸ ಸಾಕು. ಎರಡು ಕಡೆಯೂ ಬರೀ ಸಂಖ್ಯೆಗಳೇ ಇದ್ದು ಚರಾಕ್ಷರ ಇಲ್ಲದಿದ್ದರೆ 'ಹೇಳಲಾಗದು' ಎಂಬುದು ಉತ್ತರವಾಗಲಾರದು. ಗಣಿತದ ಪ್ರಶ್ನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಈ ಬಗೆಯವು.

ತಪ್ಪುಗಳ ಲೆಕ್ಕವನ್ನು ಈ ನಿಯಮಗಳ ಪಕ್ಕದಲ್ಲಿಟ್ಟಾಗ ಉತ್ತರ ತಾನಾಗಿ ಬಂತು. ಕೈಲೆಕ್ಕದ ನಾಲ್ಕು ತಪ್ಪು ಜಿಆರ್‌ಇಯಲ್ಲಿ ಒಂದಕ್ಕೆ ಇಳಿಯಲು ಕಾರಣ ಕ್ಯಾಲ್ಕುಲೇಟರ್. ಸಮಯದ ತಪ್ಪು ಎರಡರಲ್ಲೂ ಮೂರೇ ಇದ್ದರೂ ಜಿಆರ್‌ಇಯಲ್ಲಿ ಬಿಟ್ಟು ಮುಂದೆ ಹೋಗುವ ಸ್ವಾತಂತ್ರ್ಯ ಇರುವುದರಿಂದ ಅದನ್ನು ಅಭ್ಯಾಸದಿಂದ ತಿದ್ದಬಹುದು. ರೇಖಾಗಣಿತ ಗೊತ್ತಿಲ್ಲದಿರುವುದು ಜಿಆರ್‌ಇಯ ವಿರುದ್ಧ ಇರುವ ವಾದ. ಆದರೆ ಬೇಕಾದ ರೇಖಾಗಣಿತ ಕಡಿಮೆ, ಕೆಲವು ವಾರದಲ್ಲಿ ಕಲಿಯುವಂಥದ್ದು. ಡೇಟಾ ಸಫಿಷಿಯನ್ಸಿ ಕೇಳುವ ತಿಳಿವಳಿಕೆ ಅಷ್ಟು ಬೇಗ ಬರುವುದಿಲ್ಲ. ಜಿಆರ್‌ಇ ಎಂದು ತೀರ್ಮಾನವಾಯಿತು.

ಈ ತೀರ್ಮಾನ ಎಲ್ಲರದೂ ಅಲ್ಲ. ಇದೇ ಕೋಲಾರದ ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಮನೆಯವರ ಜೊತೆ ನಿಂತು ಬೆಳೆದ ಹುಡುಗನನ್ನು ತೆಗೆದುಕೊಳ್ಳಿ. 300 ರೂಪಾಯಿಯ 30 ಬಾಕ್ಸ್, 450 ರೂಪಾಯಿಯ 20 ಬಾಕ್ಸ್, ಸರಾಸರಿ ಎಷ್ಟು ಎಂದರೆ 360 ಎಂದು ಬಾಯಲ್ಲೇ ಹೇಳುತ್ತಾನೆ; 375 ಎಂದು ಮೋಸ ಹೋಗುವುದಿಲ್ಲ. ಬೆಲೆ ಶೇ 20 ಏರಿ ಮತ್ತೆ ಶೇ 20 ಇಳಿದರೆ ಮೊದಲಿನ ಜಾಗಕ್ಕೆ ಬರುವುದಿಲ್ಲ, 400 ಇದ್ದದ್ದು 480 ಆಗಿ 384ಕ್ಕೆ ನಿಲ್ಲುತ್ತದೆ ಎಂಬುದೂ ಅವನಿಗೆ ಗೊತ್ತು. ತ್ರಿಭುಜ, ವೃತ್ತ ಕಂಡರೆ ಮಾತ್ರ ಆಗದು, ಇಂಗ್ಲಿಷ್ ಪದಸಂಪತ್ತು ಕಡಿಮೆ. ಅವನಿಗೆ ಜಿಮ್ಯಾಟೇ ಲೇಸು. ಇಬ್ಬರೂ ಹೇಳಿಕೊಳ್ಳುವುದು 'ನಂಗೆ ಮ್ಯಾಥ್ಸ್ ಬರಲ್ಲ' ಎಂದೇ.

ಪದಸಂಪತ್ತಿನ ಮಾತು ಹಗುರವಲ್ಲ. ಜಿಮ್ಯಾಟ್ ಭಾಷಾ ವಿಭಾಗದಲ್ಲಿ ಈಗ ಇರುವುದು ಗದ್ಯ ಓದಿ ಉತ್ತರಿಸುವುದು, ವಾದವನ್ನು ಒರೆಗೆ ಹಚ್ಚುವುದು, ಎರಡೇ. ಜಿಆರ್‌ಇಯಲ್ಲಿ ಬಿಟ್ಟಸ್ಥಳ ತುಂಬುವ ಪ್ರಶ್ನೆಗಳಿವೆ, ಅವುಗಳಲ್ಲಿ 'ಲಕಾನಿಕ್', 'ಈಕ್ವಿವೊಕಲ್', 'ಎಫೆಮೆರಲ್' ತರಹದ, ಕಾರ್ಖಾನೆಯ ಇಮೇಲಿನಲ್ಲಿ ಎಂದೂ ಕಾಣದ ಪದಗಳು ಬರುತ್ತವೆ. ಗಣಿತದಿಂದ ತಪ್ಪಿಸಿಕೊಳ್ಳಲು ಜಿಆರ್‌ಇಗೆ ಬಂದವರು ಈ ಹಳ್ಳಕ್ಕೆ ಬೀಳುವುದನ್ನು ಲೆಕ್ಕಕ್ಕೆ ಹಿಡಿಯಬೇಕು. ಅಂದಹಾಗೆ ಜಿಆರ್‌ಇ ಭಾಷಾ ಅಂಕ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬದಲಿಯಲ್ಲ. ಕೇಳಿದವರಿಗೆ ಅದನ್ನು ಬೇರೆಯಾಗಿಯೇ ಬರೆಯಬೇಕು.

ಇಲ್ಲಿಯ ಪರೀಕ್ಷೆಗಳನ್ನು ಏಕೆ ಬಿಟ್ಟದ್ದು

ಸಹೋದ್ಯೋಗಿಗಳ ಒತ್ತಾಯ ಐಐಎಂಗಳ ಪ್ರವೇಶ ಪರೀಕ್ಷೆಯಾದ ಕ್ಯಾಟ್ ಕಡೆಗಿತ್ತು. 2024ರ ಕ್ಯಾಟ್‌ನಲ್ಲಿ 68 ಪ್ರಶ್ನೆ, ಅದರಲ್ಲಿ ಗಣಿತದವು 22, ಅವಕ್ಕೆ 40 ನಿಮಿಷ. ಆಯ್ಕೆ ಇರುವ ಪ್ರಶ್ನೆಗಳಲ್ಲಿ ಸರಿಗೆ 3 ಅಂಕ, ತಪ್ಪಿಗೆ 1 ಅಂಕ ಕಡಿತ. ವರ್ಷಕ್ಕೆ ಒಂದೇ ಸಲ. ಎಲ್ಲಕ್ಕಿಂತ ಹೆಚ್ಚಾಗಿ ಐಐಎಂಗಳು ವಿಭಾಗವಾರು ಕಟ್‌ಆಫ್ ಇಡುತ್ತವೆ: ಭಾಷೆಯಲ್ಲಿ ಎಷ್ಟೇ ಅಂಕ ಬಂದರೂ ಗಣಿತದಲ್ಲಿ ಕನಿಷ್ಠ ದಾಟದಿದ್ದರೆ ಅಲ್ಲಿಗೆ ಮುಗಿಯಿತು. ಗಣಿತದ ಸೋರಿಕೆಯನ್ನು ಬೇರೆ ವಿಭಾಗದಿಂದ ತುಂಬಿಕೊಳ್ಳಲು ಬಿಡದ ಪರೀಕ್ಷೆ ಅದು.

ಹೊರದೇಶ ಬೇಡ, ರಾಜ್ಯದಲ್ಲೇ ಎಂಬಿಎ ಸಾಕು ಎನ್ನುವವರ ಲೆಕ್ಕ ಬೇರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿಯಲ್ಲಿ 100 ಪ್ರಶ್ನೆ, ಎರಡು ಗಂಟೆ, ತಪ್ಪಿಗೆ ಕಡಿತ ಇಲ್ಲ. ಇಂಗ್ಲಿಷ್, ಸಾಮಾನ್ಯ ಜ್ಞಾನ, ತರ್ಕ, ಗಣಿತ ಎಲ್ಲ ಕೂಡಿ ಒಂದೇ ರ‍್ಯಾಂಕ್. ರಾಜ್ಯದ ಖಾಸಗಿ ಕಾಲೇಜುಗಳ ಎಂಬಿಎ ಪ್ರವೇಶಕ್ಕಿರುವ ಕೆಮ್ಯಾಟ್‌ನಲ್ಲಿ 120 ಪ್ರಶ್ನೆ, ಗಣಿತ ಮೂರನೇ ಒಂದು ಪಾಲು. ರಾಷ್ಟ್ರಮಟ್ಟದ ಸಿಮ್ಯಾಟ್‌ನಲ್ಲಿ 100 ಪ್ರಶ್ನೆಗಳ ಐದು ವಿಭಾಗದಲ್ಲಿ ಗಣಿತದ್ದು ಒಂದು, 20 ಪ್ರಶ್ನೆ. ಆದರೆ ತಪ್ಪಿಗೆ 1 ಅಂಕ ಕಳೆಯುತ್ತಾರೆ. ದಿನಪತ್ರಿಕೆ ಓದುವ ಅಭ್ಯಾಸ ಇದ್ದು ಗಣಿತ ಕಡಿಮೆ ಇರುವವರಿಗೆ ಪಿಜಿಸಿಇಟಿ, ಸಿಮ್ಯಾಟ್ ಎರಡೂ ಕ್ಯಾಟ್‌ಗಿಂತ ಮೃದು. ಈ ಅಭ್ಯರ್ಥಿ ಕೈಯಲ್ಲೊಂದು ಸೀಟು ಇರಲಿ ಎಂದು ಪಿಜಿಸಿಇಟಿ ಅರ್ಜಿಯನ್ನೂ ಹಾಕಿದರು. ಕೋಲಾರದ ಟಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಮನೆಯಿಂದ ಓಡಾಡುವ ದೂರದಲ್ಲಿದೆ.

ಹದಿನಾಲ್ಕು ವಾರದ ಓದು

ವಾರಕ್ಕೆ 10 ಗಂಟೆ ಸಿಗುತ್ತಿತ್ತು. ಪಾಳಿ ವಾರವಾರ ಬದಲಾಗುವ ಕಾರಣ ದಿನಕ್ಕಿಷ್ಟು ಗಂಟೆ ಎಂಬ ವೇಳಾಪಟ್ಟಿ ಎರಡನೇ ವಾರಕ್ಕೇ ಮುರಿಯಿತು. ವಾರಕ್ಕಿಷ್ಟು ಅಧ್ಯಾಯ ಎಂದು ಬದಲಿಸಿದ ಮೇಲೆ ಹಳಿಗೆ ಬಂತು. ರಾತ್ರಿ ಪಾಳಿ ಮುಗಿಸಿದ ಬೆಳಿಗ್ಗೆ ಹೊಸ ವಿಷಯ ಕಲಿಯುವುದಿಲ್ಲ, ಹಳೆಯ ತಪ್ಪುಗಳನ್ನಷ್ಟೇ ನೋಡುವುದು ಎಂಬುದು ನಿಯಮ.

ಮೊದಲ ಐದು ವಾರ ಜಿಆರ್‌ಇ ಪುಸ್ತಕವನ್ನೇ ತೆರೆಯಲಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ 8, 9, 10ನೇ ತರಗತಿಯ ಗಣಿತ ಪುಸ್ತಕಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತವೆ. ಎರಡರಲ್ಲೂ ಲೆಕ್ಕಗಳು ಅವೇ, ಕ್ರಮವೂ ಅದೇ. ಪಾಠವನ್ನು ಕನ್ನಡದಲ್ಲಿ ಓದಿ ಅರ್ಥ ಮಾಡಿಕೊಳ್ಳುವುದು, ಅಭ್ಯಾಸದ ಲೆಕ್ಕವನ್ನು ಇಂಗ್ಲಿಷ್ ಪುಸ್ತಕದಿಂದ ಮಾಡುವುದು, ಅನುಮಾನ ಬಂದರೆ ಅದೇ ಸಂಖ್ಯೆಯ ಲೆಕ್ಕವನ್ನು ಕನ್ನಡ ಪುಸ್ತಕದಲ್ಲಿ ತೆರೆದು ತಾಳೆ ನೋಡುವುದು. ಓದಿನ ತಪ್ಪಿಗೆ ಇದಕ್ಕಿಂತ ಒಳ್ಳೆಯ ಮದ್ದು ನಮಗೆ ಕಂಡಿಲ್ಲ, ಸಾವಿರಾರು ರೂಪಾಯಿಯ ಕೋಚಿಂಗಿನಲ್ಲಿ ಇದು ಸಿಗುವುದೂ ಇಲ್ಲ. ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ ಎಂದುಕೊಂಡೇ ಪಾಠ ಶುರುವಾಗುತ್ತದೆ.

ಭಿನ್ನರಾಶಿ, ಶೇಕಡಾ, ಅನುಪಾತ, ಘಾತಾಂಕ, ರೇಖಾತ್ಮಕ ಸಮೀಕರಣ, ವರ್ಗ ಸಮೀಕರಣ, ಲ.ಸಾ.ಅ., ಮ.ಸಾ.ಅ., ತ್ರಿಭುಜ, ವೃತ್ತ, ಕ್ಷೇತ್ರಫಲ, ಘನಫಲ, ನಿರ್ದೇಶಾಂಕ ರೇಖಾಗಣಿತ, ಸಂಭವನೀಯತೆ: ಇವಿಷ್ಟು ಆ ಪುಸ್ತಕಗಳಲ್ಲೇ ಇವೆ. ತ್ರಿಕೋನಮಿತಿಯ ಅಧ್ಯಾಯಗಳನ್ನೂ ಪ್ರಮೇಯಗಳ ಸಾಧನೆಯನ್ನೂ ಪೂರ್ತಿ ಬಿಡಬಹುದು. ರೇಖಾಗಣಿತದಲ್ಲಿ ಪೈಥಾಗೋರಸ್ ಪ್ರಮೇಯ, ಸಮರೂಪ ತ್ರಿಭುಜ, 45-45-90 ಮತ್ತು 30-60-90 ಕೋನಗಳ ತ್ರಿಭುಜ ಗಟ್ಟಿಯಾದರೆ ಬಹುಪಾಲು ಮುಗಿದಂತೆ. ಒಂದು ಎಚ್ಚರ: ಜಿಆರ್‌ಇಯ ರೇಖಾಗಣಿತ ಚಿತ್ರಗಳು ಅಳತೆಗೆ ಸರಿಯಾಗಿ ಇರಬೇಕೆಂದಿಲ್ಲ. ಕಣ್ಣಿಗೆ ಲಂಬಕೋನದಂತೆ ಕಂಡದ್ದು ಲಂಬಕೋನ ಎಂದು ಹೇಳಿರದಿದ್ದರೆ ಅಲ್ಲ. ಗ್ರಾಫ್‌ಗಳು ಮಾತ್ರ ಅಳತೆಗೆ ಸರಿಯಾಗಿರುತ್ತವೆ.

ಮಾನಕ ವಿಚಲನೆ, ನಾರ್ಮಲ್ ಡಿಸ್ಟ್ರಿಬ್ಯೂಷನ್, ಕ್ರಮಯೋಜನೆ ಮತ್ತು ವಿಕಲ್ಪ, ಇವಕ್ಕೆ ಇಟಿಎಸ್ ಉಚಿತವಾಗಿ ಕೊಡುವ ಮ್ಯಾಥ್ ರಿವ್ಯೂ ಸಾಕು. ಮಾನಕ ವಿಚಲನೆಯನ್ನು ಲೆಕ್ಕ ಹಾಕಿ ಎಂದು ಕೇಳುವುದಕ್ಕಿಂತ ಹೋಲಿಸಿ ಎಂದು ಕೇಳುವುದೇ ಹೆಚ್ಚು. 2, 4, 6 ಮತ್ತು 102, 104, 106 ಎರಡಕ್ಕೂ ಅದು ಒಂದೇ, ಹರಡಿಕೆ ಬದಲಾಗಿಲ್ಲ. ಪ್ರತಿ ಸಂಖ್ಯೆಯನ್ನೂ 2ರಿಂದ ಗುಣಿಸಿದರೆ ಅದೂ ಎರಡರಷ್ಟಾಗುತ್ತದೆ. ಇಷ್ಟು ಹಿಡಿದರೆ ಸೂತ್ರ ಮರೆತರೂ ನಡೆಯುತ್ತದೆ.

ಆರನೇ ವಾರದಿಂದ ಹತ್ತರವರೆಗೆ ಇಟಿಎಸ್‌ನ ಅಧಿಕೃತ ಪ್ರಶ್ನೆಗಳು, ಮೊದಲು ಗಡಿಯಾರ ಇಲ್ಲದೆ, ಆಮೇಲೆ ಇಟ್ಟುಕೊಂಡು. ಭಾಷೆಗೆ ದಿನಕ್ಕೆ ಹತ್ತು ಪದ, ವಾಕ್ಯದ ಸಮೇತ. ಒಂದು ಸಲಕ್ಕೆ ಐವತ್ತು ಪದದ ಪಟ್ಟಿ ಉರುಹೊಡೆಯುವ ಪ್ರಯತ್ನವೂ ನಡೆಯಿತು, ವಾರದ ನಂತರ ಅರ್ಧಕ್ಕರ್ಧ ಮರೆತಿತ್ತು.

ಕ್ಯಾಲ್ಕುಲೇಟರ್ ತಂದ ತೊಂದರೆಯನ್ನು ಯಾರೂ ಮುಂಚೆ ಹೇಳಿರುವುದಿಲ್ಲ. ಅದು ಇದೆ ಎಂಬ ಧೈರ್ಯದಲ್ಲಿ 15 × 4ಕ್ಕೂ ಮೌಸ್ ಹಿಡಿದರೆ ಪ್ರತಿ ಪ್ರಶ್ನೆಗೆ ಸಿಗುವ 1 ನಿಮಿಷ 45 ಸೆಕೆಂಡಿನಲ್ಲಿ ಒಂದು ಪಾಲು ಅಲ್ಲೇ ಹೋಗುತ್ತದೆ. ಇನ್ನೊಂದು, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕ್ಯಾಲ್ಕುಲೇಟರಿನಲ್ಲಿ 1 + 2 × 4 ಒತ್ತಿದರೆ 12 ಬರುತ್ತದೆ. ಜಿಆರ್‌ಇಯದು ಗುಣಾಕಾರವನ್ನು ಮೊದಲು ಮಾಡಿ 9 ಕೊಡುತ್ತದೆ. ಟೇಬಲ್ ಮೇಲಿನ ಕ್ಯಾಲ್ಕುಲೇಟರಿನಲ್ಲಿ ಅಭ್ಯಾಸ ಮಾಡಿದವರು ಪರೀಕ್ಷೆಯಲ್ಲಿ ಎಡವುವುದು ಇಲ್ಲಿ. ಪವರ್‌ಪ್ರೆಪ್‌ನ ಒಳಗಿನದರಲ್ಲೇ ಕೈ ಕುದುರಿಸಬೇಕು. 20ರವರೆಗಿನ ವರ್ಗ, ಸಾಮಾನ್ಯ ಭಿನ್ನರಾಶಿಗಳ ಶೇಕಡಾ ರೂಪ ಬಾಯಿಗೆ ಬರಬೇಕು, ಉಳಿದದ್ದು ಮಾತ್ರ ಯಂತ್ರಕ್ಕೆ.

ಸಮಯ ಹಂಚಿದ್ದು ಹೀಗೆ. ಮೊದಲ ಭಾಗದ 21 ನಿಮಿಷದಲ್ಲಿ 14 ನಿಮಿಷ ಮೊದಲ ಸುತ್ತಿಗೆ. ಓದಿದ ಅರ್ಧ ನಿಮಿಷದಲ್ಲಿ ದಾರಿ ಕಾಣದ ಪ್ರಶ್ನೆಗೆ ಗುರುತು ಹಾಕಿ ಮುಂದೆ. 5 ನಿಮಿಷ ಗುರುತು ಹಾಕಿದವುಗಳಿಗೆ. ಕೊನೆಯ 2 ನಿಮಿಷ ಖಾಲಿ ಉಳಿದವಕ್ಕೆ ಏನಾದರೂ ತುಂಬಲು, ಏಕೆಂದರೆ ಊಹೆಗೆ ದಂಡ ಇಲ್ಲ. ಎರಡನೇ ಭಾಗದಲ್ಲಿ ಅದೇ 17, 7, 2. ಸರಿಯಾದ ಉತ್ತರಗಳನ್ನೆಲ್ಲ ಆರಿಸಿ ಎನ್ನುವ ಪ್ರಶ್ನೆಗಳನ್ನು ಕೊನೆಗೆ ಇಟ್ಟುಕೊಂಡರು: ಮೂರು ಸರಿಯುತ್ತರದಲ್ಲಿ ಎರಡನ್ನೇ ಗುರುತಿಸಿದರೆ ಸೊನ್ನೆ, ಅರ್ಧ ಅಂಕ ಎಂಬುದಿಲ್ಲ.

ಹನ್ನೊಂದನೇ ವಾರದ ಅಭ್ಯಾಸ ಪರೀಕ್ಷೆಯಲ್ಲಿ ಅಭ್ಯರ್ಥಿ ಧೈರ್ಯಗೆಟ್ಟರು. ಎರಡನೇ ಭಾಗ ವಿಪರೀತ ಕಷ್ಟ, 15ರಲ್ಲಿ 7 ಮಾತ್ರ ಸರಿ. ಅಂಕ ಬಂದಾಗ 153. ಮೊದಲ ಭಾಗ ಚೆನ್ನಾಗಿ ಮಾಡಿದ್ದರಿಂದಲೇ ಎರಡನೆಯದು ಕಷ್ಟವಾಗಿ ಬಂದಿತ್ತು. ಸುಲಭ ಭಾಗದಲ್ಲಿ ಹೆಚ್ಚು ಸರಿ ಮಾಡಿದವರಿಗಿಂತ ಕಷ್ಟದ ಭಾಗದಲ್ಲಿ ಕಡಿಮೆ ಸರಿ ಮಾಡಿದವರಿಗೆ ಹೆಚ್ಚು ಅಂಕ ಬರಬಹುದು. ಪರೀಕ್ಷೆಯ ದಿನ ಎರಡನೇ ಭಾಗ ಕಷ್ಟ ಎನಿಸಿದರೆ ಗಾಬರಿಯಾಗಬೇಕಿಲ್ಲ ಎಂಬುದನ್ನು ಮುಂಚೆಯೇ ತಿಳಿದಿರಬೇಕು.

ನೋಂದಣಿ, ಪರೀಕ್ಷೆ, ಆಮೇಲೆ

ನೋಂದಣಿಯಲ್ಲಿ ನಮ್ಮ ಕಡೆಯವರಿಗೆ ಕಾಡುವುದು ಹೆಸರು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಿ ಬಿಡಿಸಿದ್ದು, ಆಧಾರಿನಲ್ಲಿ ಇನ್ನೊಂದು. ನೋಂದಣಿಯ ಹೆಸರು ಪಾಸ್‌ಪೋರ್ಟಿನಂತೆಯೇ ಇರಬೇಕು. ಅಕ್ಷರ ಬೇರೆಯಾದರೆ ಕೇಂದ್ರದ ಬಾಗಿಲಲ್ಲೇ ತಡೆಯಬಹುದು, ಶುಲ್ಕ ಮರಳುವುದಿಲ್ಲ. ಪಾಸ್‌ಪೋರ್ಟ್ ಇಲ್ಲದವರು ಓದು ಶುರು ಮಾಡುವ ವಾರವೇ ಅರ್ಜಿ ಹಾಕುವುದು ಒಳ್ಳೆಯದು.

ಮನೆಯಿಂದಲೂ ಬರೆಯಬಹುದು. ಆದರೆ ಕರೆಂಟು ಕೈಕೊಡುವ, ಮನೆಯವರು ಓಡಾಡುವ ಮನೆಯಲ್ಲಿ ಬೇಡವೆಂದು ಬೆಂಗಳೂರಿನ ಕೇಂದ್ರ ಆರಿಸಿದರು. ಹೊಸಕೋಟೆ, ಕೆ.ಆರ್. ಪುರ ದಾಟುವ ಬೆಳಗಿನ ದಟ್ಟಣೆ ತಪ್ಪಿಸಲು ಮಧ್ಯಾಹ್ನದ ಸ್ಲಾಟ್.

ಗಣಿತ 155, ಭಾಷೆ 151. ಈ ಎರಡು ಅಂಕ ಪರೀಕ್ಷೆ ಮುಗಿದೊಡನೆ ಪರದೆಯಲ್ಲೇ ಕಾಣುತ್ತವೆ. 21 ದಿನ ಬಿಟ್ಟು ಮತ್ತೆ ಬರೆಯಬಹುದು, 12 ತಿಂಗಳಲ್ಲಿ ಐದು ಸಲದವರೆಗೆ. ಬರೆಯಬೇಕೇ ಎಂಬುದಕ್ಕೆ ಕೊನೆಯ ಮೂರು ಅಭ್ಯಾಸ ಪರೀಕ್ಷೆಯ ಅಂಕ ನೋಡಿದರಾಯಿತು: 153, 156, 155. ನಿಜವಾದ ಅಂಕ ಅದಕ್ಕಿಂತ ಬಹಳ ಕೆಳಗಿದ್ದರೆ ಅಂದು ಏನೋ ಕೆಟ್ಟಿದೆ, ಮತ್ತೆ ಬರೆಯಬೇಕು. ಸಮನಾಗಿದ್ದರೆ ಹೊಸದಾಗಿ ಏನೂ ಕಲಿಯದೆ ಮತ್ತೆ 20 ಸಾವಿರ ಕಟ್ಟುವುದು ದಂಡ. ಅವರು ಕಟ್ಟಲಿಲ್ಲ.

ಎಂಎಸ್ ಕೋರ್ಸುಗಳಲ್ಲಿ ಒಂದು ಅನಲಿಟಿಕ್ಸ್ ಕಡೆ ಹೆಚ್ಚು ವಾಲಿತ್ತು, ಗಣಿತದ ಅಂಕವನ್ನು ಬೇರೆಯಾಗಿ ನೋಡುತ್ತೇವೆ ಎಂದು ಹೇಳಿತ್ತು. ಜಿಆರ್‌ಇಯಲ್ಲಿ 170 ಪೂರ್ತಿ ಬಂದರೂ 99ನೇ ಪರ್ಸೆಂಟೈಲ್ (ಬರೆದವರಲ್ಲಿ ಶೇ 99 ಮಂದಿಗಿಂತ ಮೇಲಿನ ಸ್ಥಾನ) ಸಿಗದಷ್ಟು ಗಣಿತ ಬಲ್ಲವರು ಬರೆಯುತ್ತಾರೆ. ಅಂಥ ಕೋರ್ಸಿನಲ್ಲಿ 155 ನಿಲ್ಲುವುದಿಲ್ಲ. ಅದನ್ನು ಪಟ್ಟಿಯಿಂದ ತೆಗೆದರು. ಉಳಿದ ಆರರ ಅರ್ಜಿಯಲ್ಲಿ ಪರೀಕ್ಷೆಯ ಅಂಕದ ಜೊತೆಗೆ ಒಂದು ಆನ್‌ಲೈನ್ ಸಂಖ್ಯಾಶಾಸ್ತ್ರ ಕೋರ್ಸಿನ ಪ್ರಮಾಣಪತ್ರ, ಕಾರ್ಖಾನೆಯಲ್ಲಿ ದಾಸ್ತಾನಿನ ಲೆಕ್ಕ ತಾವೇ ಕಟ್ಟಿದ ವಿವರ ಸೇರಿಸಿದರು. ಹೇಗಿದ್ದರೂ ಆ ಕೋರ್ಸುಗಳ ಮೊದಲ ಸೆಮಿಸ್ಟರಿನಲ್ಲೇ ಸಂಖ್ಯಾಶಾಸ್ತ್ರ ಕಾದಿರುತ್ತದೆ.

ಪರೀಕ್ಷೆಯ ದಿನ ಕೇಂದ್ರದಲ್ಲೇ ಹೆಸರಿಸಿದರೆ ನಾಲ್ಕು ವಿಶ್ವವಿದ್ಯಾಲಯಗಳಿಗೆ ಅಂಕ ಉಚಿತವಾಗಿ ಹೋಗುತ್ತದೆ. ಅಲ್ಲಿ ನಾಲ್ಕು ಎಂಎಸ್ ಹೆಸರಿಸಿದ್ದರು. ಎರಡು ಎಂಬಿಎಗೆ ಆಮೇಲೆ ಹಣ ಕಟ್ಟಿ ಕಳಿಸಬೇಕಾಯಿತು.